ಅಡಿಕೆ ಮರ ಮತ್ತು ಏಲಕ್ಕಿ ಗಿಡ: ತೋಟ ಒಂದೇ, ಉಪಚಾರ ಎರಡು



ಕಳೆದ ಸಭೆ ಮುಗಿದು ಕಾಫಿ ಕುಡಿಯುತ್ತಿದ್ದಾಗ ತರುಣ ಸದಸ್ಯರೊಬ್ಬರು ಒಂದು ಪ್ರಶ್ನೆ ಕೇಳಿದರು. “ಸೆಕ್ರೆಟರಿಯವರೇ, ಈ ವರ್ಷ ಅಡಿಕೆ ತೋಟದ ಮಧ್ಯೆ ಏಲಕ್ಕಿ ಹಾಕೋಣ ಅಂತಿದ್ದೇನೆ. ಅಡಿಕೆಗೆ ಹೇಗೂ ನೀರು, ಗೊಬ್ಬರ, ಸೊಪ್ಪು ಕೊಡ್ತೇವಲ್ಲ, ಅದರಲ್ಲೇ ಏಲಕ್ಕಿಯೂ ಬದುಕೋದಿಲ್ಲವೇ?”

ಬದುಕುತ್ತದೆ ಎಂದೆ. ಆದರೆ ಬದುಕುವುದು ಬೇರೆ, ಫಸಲು ಕೊಡುವುದು ಬೇರೆ. ಈ ಎರಡರ ನಡುವಿನ ಅಂತರ ತಿಳಿಯಲು ನನಗೆ ಒಂದು ವರ್ಷದ ಪೂರ್ತಿ ಬೆಳೆ ಹೋಗಬೇಕಾಯಿತು. ಆ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದು ಈ ಲೇಖನ.

ಜಾತಿಯೇ ಬೇರೆ

ಅಡಿಕೆಯು ತೆಂಗು, ಬೈನೆಗಳ ಬಳಗದ ಮರ. ಒಂದೇ ಕಾಂಡ, ಒಂದೇ ಸುಳಿ. ಸುಳಿ ಹೋದರೆ ಮರ ಹೋಯಿತು. ನೆಟ್ಟ ಐದರಿಂದ ಏಳು ವರ್ಷಕ್ಕೆ ಫಸಲಿಗೆ ಬಂದು ಮೊಮ್ಮಕ್ಕಳ ಕಾಲದವರೆಗೂ ನಿಲ್ಲುತ್ತದೆ.

ಏಲಕ್ಕಿ ಶುಂಠಿ, ಅರಿಸಿನಗಳ ಬಳಗದ್ದು. ಆಳೆತ್ತರಕ್ಕಿಂತ ಮೇಲೆ ಬೆಳೆದರೂ ಅದು ಮರವಲ್ಲ, ಮೆದು ಸಸ್ಯ. ನಾವು ಕಾಂಡವೆಂದು ತಿಳಿಯುವುದು ಸುತ್ತಿಕೊಂಡ ಎಲೆಗಳ ಬುಡ ಮಾತ್ರ. ನಿಜವಾದ ಕಾಂಡ ಮಣ್ಣಿನೊಳಗಿನ ಗೆಡ್ಡೆ. ಅದರಿಂದ ಮರಿಗಳು ಎದ್ದು ಹಿಂಡಾಗುತ್ತದೆ. ಮೂರನೆಯ ವರ್ಷಕ್ಕೆ ಕಾಯಿ ಕಾಣಬಹುದು, ಆದರೆ ಕೆಲವು ವರ್ಷಗಳಾದ ಮೇಲೆ ಹೊಸದಾಗಿ ನೆಡಬೇಕಾಗುತ್ತದೆ.

ನೆರಳು

ಬೆಳೆದ ಅಡಿಕೆ ಮರಕ್ಕೆ ತಲೆಯ ಮೇಲೆ ಬಿಸಿಲು ಬೇಕು. ನೈರುತ್ಯದ ಇಳಿಬಿಸಿಲು ಕಾಂಡಕ್ಕೆ ಬಡಿದರೆ ಮಾತ್ರ ಸೀಳುತ್ತದೆ. ಏಲಕ್ಕಿ ಕಾಡಿನ ಕೆಳಗಿನ ಹಂತದ ಸಸ್ಯ. ಸೋಸಿ ಬಂದ ಬಿಸಿಲು ಸಾಕು, ಸುಮಾರು ಅರ್ಧಕ್ಕಿಂತ ತುಸು ಹೆಚ್ಚು ನೆರಳಿರಬೇಕು. ಪೂರ್ತಿ ಕತ್ತಲೆಯಾದರೆ ಎಲೆ ಬೆಳೆಯುತ್ತದೆ, ಕಾಯಿ ಕಡಿಮೆ. ಆದುದರಿಂದ ಅಡಿಕೆ ಎತ್ತರವಾಗಿ ನೆರಳು ಹಿಡಿದ ಮೇಲೆಯೇ ಏಲಕ್ಕಿ ನೆಡುವುದು ಕ್ರಮ. ಒಂಬತ್ತು ಅಡಿ ಅಂತರದ ತೋಟದಲ್ಲಿ ನಾಲ್ಕು ಮರಗಳ ನಟ್ಟನಡುವೆ ಒಂದು ಹಿಂಡು ಸರಿಹೋಗುತ್ತದೆ.

2022ರ ಸುಮಾರಿಗೆ ಮಲೆನಾಡಿನ ಹಲವೆಡೆ ಎಲೆಚುಕ್ಕೆ ರೋಗ ಬಲವಾಗಿ ಹಬ್ಬಿತು. ರೋಗದ ಸೋಗೆ ಕಡಿದು ತೆಗೆಯುವುದು ಸರಿಯಾದ ಕ್ರಮವೇ. ಆದರೆ ಸೋಗೆ ಹೋದಂತೆ ಕೆಳಗಿನ ನೆರಳೂ ಹೋಗುತ್ತದೆ. ಬೇಸಿಗೆಯ ಮೊದಲು ಒಮ್ಮೆ ತಲೆಯೆತ್ತಿ ನೋಡಿ, ತೆರವಾದ ಜಾಗದ ಏಲಕ್ಕಿಗೆ ತಾತ್ಕಾಲಿಕ ನೆರಳು ಮಾಡುವುದು ಒಳ್ಳೆಯದು.

ಇನ್ನೊಂದು ಮಾತು. ಅಡಿಕೆ ಕರಾವಳಿಯ ತಗ್ಗಿನಲ್ಲೂ ಬೆಳೆದೀತು. ಏಲಕ್ಕಿಗೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್‌ಗಿಂತ ಮೇಲಿನ ತಂಪು ಬೇಕು. ಘಟ್ಟದ ಕೆಳಗಿನ ನೆಂಟರು ಕೇಳಿದರೆಂದು ಸಸಿ ಕಳಿಸಬೇಡಿ.

ನೀರು ಮತ್ತು ಬೇರು

ಅಡಿಕೆಗೆ ನವೆಂಬರ್–ಡಿಸೆಂಬರ್‌ನಲ್ಲಿ ಏಳೆಂಟು ದಿನಕ್ಕೊಮ್ಮೆ, ಜನವರಿ–ಫೆಬ್ರವರಿಯಲ್ಲಿ ಆರು ದಿನಕ್ಕೊಮ್ಮೆ, ಮಾರ್ಚ್‌ನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ, ಪ್ರತಿ ಸಲ ಮರಕ್ಕೆ 175 ಲೀಟರ್ ನೀರು ಎಂಬುದು ಶಿಫಾರಸು. ಮರದ ಬೇರು ಎರಡು ಮೂರು ಅಡಿ ಆಳದಲ್ಲಿ ಹರಡಿರುವುದರಿಂದ ಒಂದೆರಡು ದಿನ ತಡವಾದರೆ ತಡೆದುಕೊಳ್ಳುತ್ತದೆ. ಏಲಕ್ಕಿಯ ಬೇರು ಬಹುಪಾಲು ಮೇಲ್ಮಣ್ಣಿನಲ್ಲೇ ಇರುತ್ತದೆ. ಮೇಲಿನ ಮಣ್ಣು ಒಣಗಿದ ದಿನವೇ ಅದಕ್ಕೆ ಬಾಯಾರಿಕೆ. ಹೂಗೊಂಚಲು ಮೂಡಿ ಬೆಳೆಯುವುದು ಜನವರಿಯಿಂದ ಮೇವರೆಗಿನ ಒಣ ತಿಂಗಳುಗಳಲ್ಲಿ. ಆಗ ನೀರು ತಪ್ಪಿದರೆ ಮಳೆಗಾಲದಲ್ಲಿ ಎಷ್ಟು ಉಪಚಾರ ಮಾಡಿದರೂ ಹೋದ ಗೊಂಚಲು ಬಾರದು.

ಇಬ್ಬರೂ ಒಪ್ಪುವ ಮಾತು ಒಂದಿದೆ: ನೀರು ನಿಲ್ಲಬಾರದು. ತೇವ ಉಳಿಯಲೆಂದು ಬಸಿಗಾಲುವೆ ಮುಚ್ಚಿದವರು ಅಡಿಕೆ ಹಳದಿಯಾಗುವುದನ್ನೂ ಏಲಕ್ಕಿ ಗೆಡ್ಡೆ ಕೊಳೆಯುವುದನ್ನೂ ಒಟ್ಟಿಗೆ ನೋಡಬೇಕಾಗುತ್ತದೆ. ಕಾಲುವೆಯ ಹೂಳನ್ನು ಮಳೆಗೆ ಮುಂಚೆ ತೆಗೆಯಲೇಬೇಕು.

ಹೂವು

ನಾನು ಸೋತದ್ದು ಇಲ್ಲಿ. ಹದಿನೈದು ವರ್ಷದ ಹಿಂದೆ ಕೆಳಗಿನ ತೋಟದಲ್ಲಿ ಇನ್ನೂರು ಹಿಂಡು ಏಲಕ್ಕಿ ಹಾಕಿದ್ದೆ. ಮೂರನೆಯ ವರ್ಷ ಹಿಂಡು ದಟ್ಟವಾಗಿತ್ತು, ಗೊಂಚಲು ಚೆನ್ನಾಗಿತ್ತು. ಮೇ ಕೊನೆಯಲ್ಲಿ ಪದ್ಧತಿಯಂತೆ ಬೆಟ್ಟದ ಸೊಪ್ಪು ತರಿಸಿ ಅಡಿಕೆ ಬುಡಕ್ಕೆ ಹಾಕಿಸಿದೆ. ಉಳಿದದ್ದನ್ನು ಏಲಕ್ಕಿಗೂ ದಪ್ಪಗೆ ಮುಚ್ಚಿಸಿ, ಒಳ್ಳೆಯ ಕೆಲಸವಾಯಿತೆಂದು ಮನೆಗೆ ಬಂದೆ. ಕೊಯ್ಲಿನ ಹೊತ್ತಿಗೆ ಬುಟ್ಟಿ ತಳ ಮುಚ್ಚುವಷ್ಟೂ ಕಾಯಿ ಇಲ್ಲ. ಸಸಿ ಸರಿಯಿಲ್ಲವೆಂದು ಕೊಟ್ಟವರನ್ನು ಬೈದೆ. ತೋಟದ ಹಿರಿಯ ಆಳು ಒಂದು ಹಿಂಡಿನ ಬುಡ ಬಿಡಿಸಿ ತೋರಿಸಿದ. “ಅಯ್ಯಾ, ಹೂವೆಲ್ಲ ಸೊಪ್ಪಿನಡಿಗೇ ಕೊಳೆತದೆ. ಜೇನು ಎಲ್ಲಿಂದ ಬರಬೇಕು?”

ಅವನ ಮಾತಿನಲ್ಲೇ ಪೂರ್ತಿ ಪಾಠವಿತ್ತು. ಅಡಿಕೆಯ ಸಿಂಗಾರ ಎತ್ತರದಲ್ಲಿ ಬಿಡುತ್ತದೆ. ಅದರ ಪರಾಗವನ್ನು ಮುಖ್ಯವಾಗಿ ಗಾಳಿ ಒಯ್ಯುತ್ತದೆ. ಬುಡದಲ್ಲಿ ಎಷ್ಟು ಸೊಪ್ಪಿದ್ದರೂ ಹೂವಿಗೆ ತೊಂದರೆಯಿಲ್ಲ. ನಮ್ಮ ಕಡೆಯ ಮಲಬಾರ್ ಬಗೆಯ ಏಲಕ್ಕಿಯ ಗೊಂಚಲು ಬುಡದಿಂದ ಹೊರಟು ನೆಲದ ಮೇಲೆಯೇ ಹರಿಯುತ್ತದೆ. ಹೂವು ಬೆಳಗಿನ ಜಾವ ಅರಳಿದರೆ ಅದರ ಆಯುಸ್ಸು ಒಂದೇ ದಿನ. ಕೀಟ ಬಾರದೆ ತಾನಾಗಿ ಕಾಯಿ ಕಟ್ಟದು. ಈ ಕೆಲಸ ಮಾಡುವುದು ಮುಖ್ಯವಾಗಿ ಜೇನು. ಸೊಪ್ಪಿನಡಿಯ ಹೂವಿಗೆ ಜೇನು ತಲುಪಲಿಲ್ಲ, ಕಾಯಿ ಆಗಲಿಲ್ಲ. ಸಸಿ ಕೊಟ್ಟವರ ತಪ್ಪೇನೂ ಇರಲಿಲ್ಲ. ಮರುದಿನ ಹೋಗಿ ಆ ಮಾತನ್ನು ಹೇಳಿ ಬಂದೆ.

ಈಗ ನಾನು ಮಾಡುವ ಕ್ರಮ ಇದು. ಮಳೆ ಮುಗಿದ ಮೇಲೆ, ನವೆಂಬರ್–ಡಿಸೆಂಬರ್‌ನಲ್ಲಿ ಏಲಕ್ಕಿಗೆ ದರಕಿನ ಮುಚ್ಚಿಗೆ. ಅದು ಬೇಸಿಗೆಯ ತೇವ ಕಾಯುತ್ತದೆ. ಮೇ ತಿಂಗಳಲ್ಲಿ ಬುಡ ಬಿಡಿಸಿ ಗೊಂಚಲುಗಳನ್ನು ದರಕಿನ ಮೇಲಕ್ಕೆ ಎತ್ತಿಡುವುದು. ಅದೇ ಹೊತ್ತಿಗೆ ಅಡಿಕೆಗೆ ಹಾಕುವ ಸೊಪ್ಪು ಅಡಿಕೆ ಬುಡದಲ್ಲೇ ನಿಲ್ಲಬೇಕು. ತೋಟಕ್ಕೆ ಹೊಸ ಮಣ್ಣು ಹಾಕುವ ವರ್ಷವೂ ಇದೇ ಎಚ್ಚರಿಕೆ. ಎರಡು ತುಡುವೆ ಜೇನಿನ ಪೆಟ್ಟಿಗೆಯನ್ನೂ ಇಟ್ಟಿದ್ದೇನೆ.

ಗೊಬ್ಬರ, ಔಷಧಿ

ವಿಟ್ಲದ ಸಂಶೋಧನಾ ಕೇಂದ್ರದವರು ಫಸಲಿನ ಅಡಿಕೆ ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಜೊತೆಗೆ 12 ಕಿಲೋ ಹಸಿರೆಲೆ, 12 ಕಿಲೋ ಕಾಂಪೋಸ್ಟ್ ಹೇಳಿದ್ದಾರೆ. ಇದು ಅಡಿಕೆಯೊಂದರ ಪಾಲು. ಏಲಕ್ಕಿಯ ಪಾಲನ್ನು ಮಣ್ಣು ಪರೀಕ್ಷೆ ಮಾಡಿಸಿ ಬೇರೆಯಾಗಿಯೇ ಕೊಡಬೇಕು. ಅದನ್ನು ಹಿಂಡಿನ ಸುತ್ತ ಮೇಲ್ಮಣ್ಣಿನಲ್ಲಿ ಕೈಯಿಂದ ಬೆರೆಸಬೇಕು. ಅಡಿಕೆ ಬುಡ ಬಿಡಿಸುವ ಗುದ್ದಲಿ ಏಲಕ್ಕಿ ಹತ್ತಿರ ಹೋದರೆ ಬೇರಿನ ಜೊತೆ ಗೊಂಚಲೂ ಹೋಗುತ್ತದೆ.

ಕೊಳೆ ರೋಗಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣ ಏಲಕ್ಕಿಯ ಕಾಯಿ ಕೊಳೆಗೂ ಆಗುತ್ತದೆ. ಆದರೆ ಹೂವಿನ ಕಾಲದಲ್ಲಿ ಬೆಳಗಿನ ಹೊತ್ತು ಯಾವ ಔಷಧಿಯೂ ಬೇಡ. ಕೀಟನಾಶಕವಂತೂ ಜೇನನ್ನೇ ಕೊಲ್ಲುತ್ತದೆ. ಎಲೆಯಲ್ಲಿ ತಿಳಿಹಸಿರು ಗೆರೆ ಕಂಡು ಹಿಂಡು ಕುಗ್ಗಿದರೆ ಅದು ಕಟ್ಟೆ ರೋಗ. ಗಿಡಹೇನು ಹರಡುವ ವೈರಸ್ಸಿನ ರೋಗ, ಮದ್ದಿಲ್ಲ. ಕನಿಕರ ತೋರದೆ ಬೇರುಸಹಿತ ಕಿತ್ತು ನಾಶ ಮಾಡಬೇಕು. ಕಟ್ಟೆ ನಿರೋಧಕ ವಿಜೇತ ತಳಿ, ಮಲೆನಾಡಿಗೆ ಒಗ್ಗುವ ಮೂಡಿಗೆರೆ–1 ಮೊದಲಾದವುಗಳ ಬಗ್ಗೆ ಅಪ್ಪಂಗಳ ಮತ್ತು ಮೂಡಿಗೆರೆಯ ಕೇಂದ್ರಗಳಲ್ಲಿ ವಿಚಾರಿಸಬಹುದು.

ಸದಸ್ಯರ ನೆನಪಿಗೆ

1. ನೆರಳು ಬಂದ ಮೇಲೆ ಏಲಕ್ಕಿ, ಮೊದಲಲ್ಲ.
2. ಬೇಸಿಗೆಯಲ್ಲಿ ಮೇಲ್ಮಣ್ಣು ಒಣಗಬಾರದು, ಮಳೆಗಾಲದಲ್ಲಿ ನೀರು ನಿಲ್ಲಬಾರದು.
3. ಮೇ ತಿಂಗಳಲ್ಲಿ ಗೊಂಚಲು ಮೇಲೆ, ದರಕು ಕೆಳಗೆ.
4. ಹೂವಿನ ಕಾಲದ ಬೆಳಗು ಜೇನಿಗೆ ಮೀಸಲು.
5. ಗೊಬ್ಬರದ ಲೆಕ್ಕ ಎರಡು.

ಆ ತರುಣ ಸದಸ್ಯರಿಗೆ, ಮೊದಲ ವರ್ಷ ಐವತ್ತು ಹಿಂಡು ಮಾತ್ರ ಹಾಕಿ ಎಂದು ಹೇಳಿದ್ದೇನೆ. ಕಾಫಿ ತೋಟದ ತಂಪು ಕಣಿವೆಯಲ್ಲಿ ಏಲಕ್ಕಿ ಇರುವ ಸದಸ್ಯರು ತಮ್ಮ ಅನುಭವವನ್ನು ಕಚೇರಿಗೆ ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಸಂತೋಷದಿಂದ ಪ್ರಕಟಿಸಲಾಗುವುದು.

— ಕಾರ್ಯದರ್ಶಿ