ಡೇರಿಯವರು ಸೇರಿ ದರ ಕಟ್ಟಿದರೆ ತಪ್ಪೇ?

ಪ್ರಶ್ನೆ: ಎರಡು ಹಸು ಕಟ್ಟಿದ್ದೇನೆ. ಹನ್ನೆರಡು ವರ್ಷದಿಂದ ಊರ ಡೇರಿಗೇ ಹಾಲು ಹಾಕುತ್ತಿದ್ದೇನೆ. ಈಗ ಖಾಸಗಿ ಡೇರಿಯ ಏಜೆಂಟ್ ಬಂದು, ‘ಒಕ್ಕೂಟದವರು ಸೇರಿಕೊಂಡು ದರ ಕಟ್ಟೋದೇ ಕಾನೂನಿಗೆ ವಿರುದ್ಧ. ನಾನು ಲೀಟರಿಗೆ ಎರಡು ರೂಪಾಯಿ ಹೆಚ್ಚು ಕೊಡ್ತೀನಿ’ ಅನ್ನುತ್ತಾನೆ. ಇತ್ತ ಡೇರಿಯಲ್ಲಿ ಫ್ಯಾಟ್ ಕಡಿಮೆ ಅಂತ ಬಟವಾಡೆ ಇಳಿಯುತ್ತಲೇ ಇದೆ. ಏನು ಮಾಡಲಿ?
(ಹೆಸರು, ಊರು ಹಾಕಬೇಡಿ ಎಂದಿದ್ದಾರೆ)

ಉತ್ತರ: ಅಕ್ಕಾ, ಏಜೆಂಟನ ಮಾತಿನಲ್ಲಿ ಕಾಲು ಭಾಗ ನಿಜವಿದೆ. ಸಹಕಾರ ಸಂಘ ಅಂದ ಮಾತ್ರಕ್ಕೆ 2002ರ ಸ್ಪರ್ಧಾ ಕಾಯ್ದೆ ಕೈಬಿಡುವುದಿಲ್ಲ. ‘ವ್ಯಕ್ತಿ’ ಎಂದರೆ ಯಾರ್ಯಾರು ಅನ್ನುವ ಅದರ ಪಟ್ಟಿಯಲ್ಲಿ ಸಹಕಾರ ಸಂಘವೂ ಇದೆ. ಆದರೆ ಆ ಕಾಯ್ದೆಯ ಕಣ್ಣಿರುವುದು ಪೈಪೋಟಿ ಮಾಡಬೇಕಾದವರು ಒಳಗೊಳಗೇ ಕೂಡಿ ದರ ಕಟ್ಟುವುದರ ಮೇಲೆ. ನೀವು ಷೇರು ಹಾಕಿದ ಸಂಘ ನಿಮ್ಮೆಲ್ಲರ ಹಾಲು ಕೂಡಿಸಿ ಮಾರುವುದನ್ನು ಅದಕ್ಕೆ ಹೋಲಿಸುವುದು ನನಗೆ ಸರಿ ಕಾಣದು.

ಅಮೆರಿಕದಲ್ಲಿ ಈ ತಕರಾರು ನೂರು ವರ್ಷ ಹಳೆಯದು. 1922ರ ಕ್ಯಾಪರ್-ವೋಲ್‌ಸ್ಟೆಡ್ ಕಾಯ್ದೆ ರೈತರು ಕೂಡಿ ಮಾರಲು ಬಿಟ್ಟಿತು. ಬೆಲೆಯನ್ನು ಅತಿಯಾಗಿ ಏರಿಸಿದರೆ ಕೃಷಿ ಕಾರ್ಯದರ್ಶಿ ತಡೆಯಬಹುದು ಎಂದು ಮೂಗುದಾರವನ್ನೂ ಹಾಕಿತು. ಹಾಲು ಉತ್ಪಾದಕರ ಸಂಘವೊಂದು ಎದುರಾಳಿ ಡೇರಿಯನ್ನೇ ಕೊಂಡುಬಿಟ್ಟಾಗ, ಆ ರಕ್ಷಣೆ ಇದಕ್ಕೆ ಸಲ್ಲದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1960ರಲ್ಲಿ ಹೇಳಿತು.

ಅದು ಹಾಗಿರಲಿ, ಫ್ಯಾಟಿನ ವಿಷಯಕ್ಕೆ ಬರೋಣ. ಕೊನೆಯಲ್ಲಿ ಇಳಿಯುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದನ್ನು ಕರುವಿಗೆ ಬಿಟ್ಟು ಮೊದಲ ಹಾಲನ್ನು ಡೇರಿಗೆ ಒಯ್ದರೆ ಫ್ಯಾಟ್ ಇಳಿಯುತ್ತದೆ. ಬರೀ ಹಸಿಹುಲ್ಲು ಹಾಕಿ ಒಣಹುಲ್ಲು ಕೊಡದಿದ್ದರೂ ಅಷ್ಟೇ. ಕ್ಯಾನಿನಲ್ಲಿ ಕೆನೆ ಮೇಲೆ ನಿಂತಿರುವಾಗ ತಳದ ಹಾಲನ್ನು ಸ್ಯಾಂಪಲ್‌ಗೆ ತೆಗೆದರೆ ಕೇಳುವುದೇ ಬೇಡ. ಚೆನ್ನಾಗಿ ಕದಡಿಸಿ, ನಿಮ್ಮೆದುರೇ ತೆಗೆಯಲು ಹೇಳಿ. ಹದಿನೈದು ದಿನದ ಚೀಟಿಗಳನ್ನು ಒಂದು ಪುಸ್ತಕದಲ್ಲಿ ಅಂಟಿಸಿ. ಇಷ್ಟಾದರೂ ಲೆಕ್ಕ ತಾಳೆಯಾಗದಿದ್ದರೆ ಸೆಕ್ರೆಟರಿ ಜೊತೆ ಬಾಯಿಜಗಳ ಬೇಡ, ಒಕ್ಕೂಟದ ವಿಸ್ತರಣಾಧಿಕಾರಿಗೆ ಬರೆದು ಕೊಡಿ, ಮಹಾಸಭೆಯಲ್ಲಿ ಎದ್ದು ಕೇಳಿ. ಅಲ್ಲಿ ನೂರು ಹಸು ಕಟ್ಟಿದವನಿಗೂ ಒಂದೇ ಓಟು, ನಿಮಗೂ ಒಂದೇ.

ಏಜೆಂಟನ ಎರಡು ರೂಪಾಯಿ ಎಣಿಸುವಾಗ ಸರ್ಕಾರದ 5 ರೂಪಾಯಿ ಪ್ರೋತ್ಸಾಹಧನ ಮರೆಯಬೇಡಿ. ಅದು ಸಹಕಾರ ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. (ತಿಂಗಳುಗಟ್ಟಲೆ ತಡವಾಗುತ್ತದೆ, ಗೊತ್ತು.) ಅವನು ಮತ್ತೆ ಬಂದರೆ, ಮಳೆಗಾಲದಲ್ಲಿ ಹಾಲು ಸುರಿದು ಬರುವಾಗಲೂ ಇದೇ ದರ ಕೊಡುವೆಯಾ ಎಂದು ಕೇಳಿ. ಹೌದೆಂದರೆ, ಬರೆದು ಕೊಡಲಿ.