ಹಳೆಯ ಜಾಲಿ ದಿಂಡಿನಿಂದ ಹೊಸ ಕೊಡತಿ

ನಮ್ಮ ಜತ್ತ ತಾಲೂಕು ಮಳೆ ಕಡಿಮೆಯ ಸೀಮೆ. ಹೊಲದ ಬದುವಿನಲ್ಲಿ, ಹಳ್ಳದ ದಂಡೆಯಲ್ಲಿ ಬೆಳೆಯುವ ಜಾಲಿಯೇ ನಮ್ಮ ತೇಗ. ಚಕ್ಕಡಿ, ಕುಂಟೆ, ಕೂರಿಗೆಗಳಿಗೆ ನಮ್ಮ ಹಿರಿಯರು ಅದನ್ನೇ ನಂಬಿದ್ದರು. ಊರ ಬಡಿಗೇರನು ಇವನ್ನು ವರ್ಷವಿಡೀ ದುರಸ್ತಿ ಮಾಡುತ್ತಿದ್ದನು; ಸುಗ್ಗಿಯಲ್ಲಿ ರೈತನು ಅವನಿಗೆ ಆಯದ ಕಾಳು ಅಳೆದು ಕೊಡುತ್ತಿದ್ದನು. ಮರಾಠಿಯಲ್ಲಿ ಇದಕ್ಕೆ ಬಲುತೆ ಎನ್ನುತ್ತಾರೆ. ಈಗ ಟ್ರ್ಯಾಕ್ಟರು ಬಂದಿದೆ. ಮುರಿದ ಕುಂಟೆಯ ದಿಂಡು ಹಿತ್ತಲಲ್ಲಿ ಬಿದ್ದು ಕೊನೆಗೊಂದು ದಿನ ಒಲೆ ಸೇರುತ್ತದೆ. ಹಾಗೆ ಸೇರುವ ಮೊದಲು ಅದರಿಂದ ಒಂದು ಕೊಡತಿ ಮಾಡುವ ಬಗೆಯನ್ನು ನೋಡೋಣ.

ಕೊಡತಿ ಎಂದೊಡನೆ ಹೆಂಟೆ ಒಡೆಯುವ ಉದ್ದ ಕಾವಿನ ಕೊಡತಿ ನೆನಪಾದೀತು. ಇದು ಅದಲ್ಲ, ಉಳಿಯ ತಲೆಗೆ ಹೊಡೆಯುವ ಬಡಿಗತನದ ಸಣ್ಣ ಕೊಡತಿ. ಮರಾಠಿ ಅಂಗಡಿಯಲ್ಲಿ ಕೊಡತಿಗೆ ಮೋಗರಿ, ಉಳಿಗೆ ಪಟಾಶಿ ಎಂದು ಕೇಳಬೇಕು. ಎರಡೂ ಹೆಸರು ಗೊತ್ತಿರುವುದು ಗಡಿಯವರಾದ ನಮಗೆ ಲಾಭವೇ.

ಕಬ್ಬಿಣದ ಸುತ್ತಿಗೆ ಇರುವಾಗ ಕಟ್ಟಿಗೆಯದೇಕೆ? ಸುತ್ತಿಗೆಯ ಮುಖ ಸಣ್ಣದು, ಗಟ್ಟಿಯಾದುದು. ಪೆಟ್ಟಿನ ಬಲವೆಲ್ಲ ಒಂದೇ ಕಡೆ ಬಿದ್ದು ಉಳಿಯ ಹಿಡಿಕೆ ಅರಳುತ್ತದೆ, ಬರಬರುತ್ತ ಸೀಳುತ್ತದೆ. ಕೊಡತಿಯ ಮುಖ ಅಗಲ. ಕಟ್ಟಿಗೆಗೆ ಕಟ್ಟಿಗೆ ತಾಗಿದಾಗ ಎರಡೂ ಒಂದಿಷ್ಟು ಒತ್ತಿಕೊಡುತ್ತವೆ. ಪೆಟ್ಟು ಕ್ಷಣಕಾಲ ಹೆಚ್ಚು ನಿಲ್ಲುತ್ತದೆ, ಆದರೆ ಅದರ ಚುರುಕು ತಗ್ಗುತ್ತದೆ. ಉಳಿಯ ಹಿಡಿಕೆ ಬಹುಕಾಲ ಬಾಳುತ್ತದೆ.

ತುಂಡು ಆರಿಸುವಾಗ ಅವಸರ ಬೇಡ. ಜಾಲಿಯ ಹೊರಭಾಗ ಬಿಳಿ, ಅದಕ್ಕೆ ಹುಳು ಬೇಗ ಹತ್ತುತ್ತದೆ. ಒಳಗಿನ ಕೆಂಪು ಚೇಗೇ ನಮಗೆ ಬೇಕಾದುದು. ನಟ್ಟನಡುವಿನ ತಿರುಳಿರುವ ತುಂಡು ಬಿರಿಯುತ್ತದೆಯಾದ್ದರಿಂದ ಅದನ್ನು ಬಿಡಬೇಕು. ಹಸಿ ಕಟ್ಟಿಗೆಯಂತೂ ಕೂಡದು. ನಮ್ಮ ಬೇಸಿಗೆಗೆ ಅದು ಒಣಗಿ ಕುಗ್ಗಿ ಕಾವು ಸಡಿಲಾಗುತ್ತದೆ. ಹತ್ತಾರು ವರ್ಷ ಬಿಸಿಲು ಮಳೆ ಕಂಡ ದಿಂಡು ಈ ಪರೀಕ್ಷೆಯಲ್ಲಿ ಆಗಲೇ ಪಾಸಾಗಿರುತ್ತದೆ. ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ: ಇಂಥ ಒಂದು ತುಂಡನ್ನಾದರೂ ಮಕ್ಕಳಿಗಾಗಿ ತೆಗೆದಿಡಿರಿ. ಗರಗಸ ಹಚ್ಚುವ ಮೊದಲು ಹಳೆಯ ಮೊಳೆ ಇದೆಯೋ ಎಂದು ನೋಡಿರಿ.

ತಲೆಯ ಅಳತೆ: ಉದ್ದ 14, ಎತ್ತರ 9, ದಪ್ಪ 6 ಸೆಂ.ಮೀ. ಕಟ್ಟಿಗೆಯ ಎಳೆ ತಲೆಯ ಉದ್ದಕ್ಕೆ ಹರಿದಿರಬೇಕು. ಆಗ ಪೆಟ್ಟು ಎಳೆಗಳ ತುದಿಯ ಮೇಲೆ ಬೀಳುತ್ತದೆ, ಅಡ್ಡ ಮೈಮೇಲಲ್ಲ. ಇದರ ತೂಕವನ್ನು ತಕ್ಕಡಿ ಇಲ್ಲದೆಯೇ ತಿಳಿಯಬಹುದು. 14×9×6 ಎಂದರೆ 756 ಘನ ಸೆಂ.ಮೀ. ಒಣ ಜಾಲಿ ಒಂದು ಘನ ಸೆಂ.ಮೀ.ಗೆ ಸುಮಾರು 0.8 ಗ್ರಾಂ ತೂಗುತ್ತದೆ. ಹಾಗಾದರೆ ತಲೆ ಸುಮಾರು 600 ಗ್ರಾಂ, ಕಾವು ಸೇರಿ 700ರ ಆಸುಪಾಸು. ಎಂಟನೆಯ ಇಯತ್ತೆಯ ಕೈಗೆ ಇದು ಭಾರವಾದರೆ ಉದ್ದವನ್ನು 12ಕ್ಕೆ ಇಳಿಸಬಹುದು.

ಇನ್ನು ಕಾವಿನ ತೂತು. ಇಡೀ ಕೆಲಸದ ಗುಟ್ಟು ಇಲ್ಲಿದೆ. ತೂತು ಕೆಳಗಡೆ 3 ಸೆಂ.ಮೀ. ಉದ್ದ, ಮೇಲ್ಗಡೆ 3.6 ಸೆಂ.ಮೀ. ಉದ್ದ ಇರಲಿ, ಅಗಲ ಎರಡೂ ಕಡೆ 2 ಸೆಂ.ಮೀ. ತೂತಿನ ಉದ್ದವು ತಲೆಯ ಉದ್ದದ ಕಡೆಗೇ ಇರಬೇಕು. ಎರಡೂ ಬದಿಗೆ ಗುರುತು ಹಾಕಿ, ಬೈರಿಗೆಯಿಂದ ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸಿರಿ. ಉಳಿದುದನ್ನು ಉಳಿಯಿಂದ ತೆಗೆಯಿರಿ. ಕೊಡತಿ ಮಾಡಲು ಕೊಡತಿಯೇ ಬೇಕಲ್ಲ ಎನ್ನುವಿರಾ? ಕೈಗೆ ಸಿಕ್ಕ ದಪ್ಪ ಕಟ್ಟಿಗೆಯ ತುಂಡು ಸಾಕು. ಎಡಗೈ ಉಳಿಯ ಬಾಯಿಯ ಮುಂದೆ ಬರಕೂಡದು.

ಕಾವು 34 ಸೆಂ.ಮೀ. ಉದ್ದ, ನೇರ ಎಳೆಯದಾಗಿರಲಿ. ಅದರ ಮೇಲ್ತುದಿ ಅಗಲವಾಗಿ, ಕೆಳಕ್ಕೆ ತೂತಿನಂತೆಯೇ ಕಿರಿದಾಗುತ್ತ ಬರಲಿ. ಹಿಡಿಯುವ ಕಡೆಯಿಂದ ತೂತಿನಲ್ಲಿ ಮೇಲಿನಿಂದ ಇಳಿಸಿ, ಪಿಕಾಸಿಗೆ ಕಾವು ಹಾಕಿದಂತೆ, ತಲೆಕೆಳಗಾಗಿ ಹಿಡಿದು ಮೇಲ್ತುದಿಯನ್ನು ನೆಲಕ್ಕೆ ಕುಟ್ಟಬೇಕು. ಮೇಲ್ತುದಿ ಒಂದು ಸೆಂ.ಮೀ. ಹೊರಗೆ ಉಳಿಯಲಿ. ಬೀಸಿದಾಗ ತಲೆಯು ಜಡತ್ವದಿಂದ ಹೊರಕ್ಕೆ ಹಾರಲು ಹವಣಿಸುತ್ತದೆ. ಆದರೆ ಹೊರಕ್ಕೆ ಹೋದಷ್ಟೂ ಕಾವು ಅಗಲ. ಆದ್ದರಿಂದ ಪ್ರತಿ ಬೀಸಿಗೂ ಅದು ಬಿಗಿಯಾಗುತ್ತದೆ. ಬೆಣೆ ಬೇಡ, ಮೊಳೆ ಬೇಡ. ಸುತ್ತಿಗೆಯ ತಲೆ ಕಳಚಿ ಎದುರಿಗಿದ್ದವರಿಗೆ ಬಡಿಯುವ ಭಯ ಇದರಲ್ಲಿಲ್ಲ.

ಎರಡು ಮುಖಗಳನ್ನೂ ಕೆಳಅಂಚಿನಲ್ಲಿ ಅರ್ಧ ಸೆಂ.ಮೀ. ಒಳಕ್ಕೆ ಓರೆಯಾಗಿ ಕೊಯ್ಯಿರಿ. ಕೊಡತಿ ನೇರಗೆರೆಯಲ್ಲಿ ಚಲಿಸುವುದಿಲ್ಲ. ಭುಜವನ್ನು ಕೇಂದ್ರವಾಗಿಟ್ಟು ಕಂಸದಲ್ಲಿ ಚಲಿಸುತ್ತದೆ. ಮುಖವು ತ್ರಿಜ್ಯದ ಗೆರೆಯಲ್ಲಿದ್ದರೆ ಮಾತ್ರ ಉಳಿಗೆ ಸಮತಟ್ಟಾಗಿ ತಾಗೀತು. ಭೂಮಿತಿಯ ತಾಸಿನಲ್ಲಿ ಇದರ ಚಿತ್ರ ಬರೆದು ನೋಡಿರಿ.

ಅಂಚುಗಳನ್ನು ಅರದಿಂದ ಉಜ್ಜಿ ಮುರಿಯದಿದ್ದರೆ ಚಕ್ಕೆ ಏಳುತ್ತದೆ. ಕೊನೆಗೆ ಅಗಸೆ ಎಣ್ಣೆಯನ್ನೋ ಕುಸುಬಿ ಎಣ್ಣೆಯನ್ನೋ ಎರಡು ಸಲ ತೆಳ್ಳಗೆ ಸವರಿ ನೆರಳಲ್ಲಿ ಒಣಗಿಸಿರಿ. ಎಣ್ಣೆ ಹೀರಿದ ಅರಿವೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿರಿ. ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಬಯಲಲ್ಲಿ ಹರವಿರಿ.

ಕೊಡತಿಯಿಂದ ಮೊಳೆ ಹೊಡೆಯಬಾರದು, ಮುಖ ಕೆಡುತ್ತದೆ. ಬೇಸಿಗೆಯಲ್ಲಿ ತಲೆ ಸಡಿಲೆನಿಸಿದರೆ ಕಾವಿನ ಮೇಲ್ತುದಿಯನ್ನು ಕಲ್ಲಿನ ಮೇಲೆ ಎರಡು ಸಲ ಕುಟ್ಟಿದರಾಯಿತು.