ನಾಡತಳಿಗಳ ರಕ್ಷಣೆಗೆ ಮೊಬೈಲ್ ಫೋನಿನ ಬಳಕೆ

ನಾಡತಳಿಗಳು ಆಯಾ ಊರಿನ ಮಣ್ಣು, ನೀರಿಗೆ ಒಗ್ಗಿಕೊಂಡು ತಲೆಮಾರುಗಳಿಂದ ಬಂದ ಆಸ್ತಿ. ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯ ಗಜನಿ ಭೂಮಿಯಲ್ಲಿ ಬೆಳೆಯುವ ಕಗ್ಗ ಭತ್ತ ಇದಕ್ಕೆ ಉತ್ತಮ ಉದಾಹರಣೆ. ಈ ಎತ್ತರದ ತಳಿ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುತ್ತದೆ. ಗಜನಿಯ ಒಡ್ಡು ಒಡೆದರೆ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುವುದರಿಂದ ಇದರ ಬೇಸಾಯ ಊರೊಟ್ಟಿನ ಕೆಲಸ. ಇಂಥ ತಳಿ ಬಿಟ್ಟುಹೋದರೆ ಬೀಜದೊಡನೆ ಅದರ ಬೇಸಾಯದ ತಿಳುವಳಿಕೆಯೂ ನಷ್ಟವಾಗುತ್ತದೆ. ಇದನ್ನು ತಡೆಯಲು ಮನೆಮನೆಯಲ್ಲಿರುವ ಮೊಬೈಲ್ ಫೋನನ್ನು ಉಪಯೋಗಿಸಬಹುದು.

ಅನುಸರಿಸಬೇಕಾದ ಕ್ರಮಗಳು

1. ಮುಂಗಾರಿಗೆ ಮೊದಲು ಊರಿನವರು ಸೇರಿ, ಯಾರ ಮನೆಯಲ್ಲಿ ಯಾವ ಬೀಜವಿದೆ ಎಂದು ಪಟ್ಟಿ ಮಾಡಬೇಕು. ಬೀಜ ಆರಿಸಿ ಕಾಪಾಡುವ ಹೆಣ್ಣುಮಕ್ಕಳನ್ನು ಸಭೆಗೆ ತಪ್ಪದೆ ಕರೆಯಬೇಕು.

2. ತಳಿಯ ಹೆಸರು, ಬಿತ್ತುವ ಕಾಲ, ಅಡಿಗೆಯ ಗುಣ, ಹುಲ್ಲಿನ ಉಪಯೋಗ ಇವುಗಳ ಬಗ್ಗೆ ಹಿರಿಯರ ಮಾತನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಬೇಕು. ಈ ಕೆಲಸವನ್ನು ಊರಿನ ಯುವಕ ಯುವತಿಯರಿಗೆ ವಹಿಸುವುದು ಲೇಸು.

3. ಒಂದೇ ತಾಕಿನ ಚಿತ್ರವನ್ನು ಸಸಿ, ಹೂ ಮತ್ತು ಕೊಯ್ಲಿನ ಹಂತಗಳಲ್ಲಿ ತೆಗೆಯಬೇಕು. ಕಾಳುಗಳ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಚಿತ್ರ ತೆಗೆಯಬೇಕು. ಬಿತ್ತಿದ ದಿನ, ಅರ್ಧದಷ್ಟು ಪೈರು ಹೂಬಿಟ್ಟ ದಿನ ಮತ್ತು ಕೊಯ್ಲಿನ ದಿನಗಳನ್ನು ಬರೆದಿಡಬೇಕು.

4. ಫೋನು ಕೆಟ್ಟರೆ ಎಲ್ಲವೂ ಹೋದಂತೆ. ಆದ್ದರಿಂದ ಒಂದು ಪ್ರತಿ ಕಂಪ್ಯೂಟರಿನಲ್ಲಿಯೂ, ಮುಖ್ಯ ವಿವರಗಳು ಪುಸ್ತಕದಲ್ಲಿಯೂ ಇರಬೇಕು.

ಬೀಜವನ್ನು ಮರೆಯಬಾರದು

ಚಿತ್ರದಿಂದ ಮೊಳಕೆ ಬಾರದು. ಸಾಮಾನ್ಯ ವಾತಾವರಣದಲ್ಲಿ ಬಹುಕಾಲ ಇಟ್ಟ ಭತ್ತದ ಮೊಳಕೆಶಕ್ತಿ ಕುಂದುತ್ತದೆ. ಆದುದರಿಂದ ಕನಿಷ್ಠ ಇಬ್ಬರು ರೈತರು ಪ್ರತಿ ವರ್ಷ ತಳಿಯನ್ನು ಬೆಳೆಯಬೇಕು. ಬೇರೆ ತಳಿಯ ತಾಕಿನಿಂದ 3 ಮೀಟರ್ ಅಂತರವಿರಲಿ. ಕಲಬೆರಕೆ ಗಿಡಗಳನ್ನು ಹೂ ಬಿಡುವ ಮೊದಲೇ ಕಿತ್ತು, ಒಳ್ಳೆಯ ತೆನೆಗಳನ್ನು ಬೀಜಕ್ಕೆ ಆರಿಸಬೇಕು. ತೇವಾಂಶ ಶೇಕಡ 13ಕ್ಕಿಂತ ಕಡಿಮೆಯಾಗುವಂತೆ ಒಣಗಿಸಿ ಶೇಖರಿಸಬೇಕು.

ಹಕ್ಕಿನ ರಕ್ಷಣೆ

ಊರಿನ ತಿಳುವಳಿಕೆಯನ್ನು ಹೊರಗಿನವರಿಗೆ ಕಳುಹಿಸುವ ಮುನ್ನ ಎಚ್ಚರ ಅಗತ್ಯ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ರಚಿತವಾಗುವ ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಮೂಲಕ ವಿವರಗಳನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಸೇರಿಸಬೇಕು. 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಲ್ಲಿ ರೈತರ ತಳಿಗಳ ನೋಂದಣಿಗೂ ಅವಕಾಶವಿದೆ. ಇದಕ್ಕೆ ರೈತರು ಶುಲ್ಕ ಕೊಡಬೇಕಾಗಿಲ್ಲ. ದಿನಾಂಕಸಹಿತ ಚಿತ್ರಗಳೂ ಬರಹಗಳೂ ಆಗ ನೆರವಾಗುತ್ತವೆ.

ಬಲ್ಲ ಹಿರಿಯರು ನಮ್ಮೊಡನೆ ಇರುವಾಗಲೇ, ರೈತ ಬಾಂಧವರು ಮುಂದಿನ ಹಂಗಾಮಿನಲ್ಲಿ ಒಂದು ತಳಿಯಿಂದಾದರೂ ಈ ಕೆಲಸವನ್ನು ಆರಂಭಿಸುವುದು ಒಳ್ಳೆಯದು.